ಶ್ರೀಶೈಲದ ದಾರಿಯ ರೊಟ್ಟಿ

ಮಾನ್ಯರೇ,

ಯುಗಾದಿ ಹೊತ್ತಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾವಿರಾರು ಜನ ಕಾವಡಿಯಂಥ ಕಂಬಿ ಹೊತ್ತು ಶ್ರೀಶೈಲ ಮಲ್ಲಯ್ಯನ ಕಡೆಗೆ ನಡೆಯುತ್ತಾರೆ. ಈ ಸಲ ನಾನೂ ಹೋಗಿದ್ದೆ. ಮನೆಯಲ್ಲೊಂದು ಸಾವಾದ ಮೇಲೆ ದೇವರ ಮೇಲೆ ಮುನಿಸಿಕೊಂಡಿದ್ದವನು ನಾನು. ಗೆಳೆಯರು ಬಿಡಲಿಲ್ಲ, ಸುಮ್ನೆ ಹೊರಟೆ.

ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ಲ? ಲಿಂಗಸುಗೂರು ದಾಟುವಷ್ಟರಲ್ಲಿ ಅಂಗಾಲಲ್ಲಿ ಗುಳ್ಳೆ ಎದ್ದವು. ಹೊಲದ ಮನೆಯೊಂದರ ಮುಂದೆ ಅಜ್ಜಿಯೊಬ್ಬರು ಕೈಹಿಡಿದು ಕೂರಿಸಿದರು. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಡಲು ಹೇಳಿದರು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೊಂದು ಚೊಂಬು ಮಜ್ಜಿಗೆ. ಯಾವ ಊರು, ಯಾವ ಮಂದಿ ಎಂದು ಕೇಳಲೇ ಇಲ್ಲ. "ಮಲ್ಲಯ್ಯನ ಕಡೆ ಹೊಂಟೀರಿ, ಮೊದ್ಲ ಉಣ್ರಿ" ಅಂದರು. ಬೇವಿನ ನೆರಳಲ್ಲಿ ಸಂಜೆತನಕ ಮಲಗಿದೆ. ಹಾಗೆ ನಿದ್ದೆ ಬಂದು ಎಷ್ಟೋ ತಿಂಗಳಾಗಿತ್ತು. ಶ್ರೀಶೈಲಕ್ಕೆ ಮುಂಚೆ ಸಿಗುವ ನಲ್ಲಮಲ ಕಾಡು, ಭೀಮನಕೊಳ್ಳ ಎಲ್ಲ ಆಮೇಲಿನ ಮಾತು. ನನಗೆ ಮಲ್ಲಯ್ಯ ಸಿಕ್ಕಿದ್ದು ಆ ಅಂಗಳದಲ್ಲೇ.

ಬೇಸರದ ಮಾತೂ ಇದೆ. ಇಂಥವರ ಹೊಲದ ಬದುವಿನಲ್ಲೇ ನಾವು ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ ಎಸೆದು ಹೋಗುತ್ತೇವೆ. ದನ ತಿಂದರೆ ಗತಿಯೇನು? ಒಂದು ಸ್ಟೀಲ್ ತಟ್ಟೆ, ಲೋಟ ಹೆಗಲ ಚೀಲಕ್ಕೆ ಜಾಸ್ತಿ ಭಾರವೇನಲ್ಲ ಅಲ್ವಾ? ಮುಂದಿನ ಯುಗಾದಿಗೆ ಹೊರಡುವ ತಂಡಗಳು ಊರು ಬಿಡುವ ಮುನ್ನವೇ ಇದನ್ನು ಕಟ್ಟುನಿಟ್ಟು ಮಾಡಲಿ. ದಾಸೋಹ ನಡೆಯುವ ಕಡೆ ಪಂಚಾಯಿತಿಗಳೂ ಕಸದ ಡಬ್ಬಿ, ನೀರಿನ ಟ್ಯಾಂಕರ್ ಇಡಲಿ.

– ಒಬ್ಬ ಪಾದಯಾತ್ರಿ, ಬಾಗಲಕೋಟೆ