ಒಂಬತ್ತನೇ ತರಗತಿಯ ಇತಿಹಾಸ ಚಟುವಟಿಕೆ: ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಗೆ ಕೊಟ್ಟಿರುವ ‘ಒಬ್ಬರ ನಿರ್ಧಾರ, ಒಂದು ಯುದ್ಧ’ ಚಟುವಟಿಕೆಯ ಬಗ್ಗೆ ನಿಮ್ಮಲ್ಲಿ ಕೆಲವರು ಶಾಲೆಗೇ ಬಂದು ಮಾತಾಡಿದಿರಿ, ಕೆಲವರು ಡೈರಿಯಲ್ಲಿ ಬರೆದು ಕಳಿಸಿದಿರಿ. ಅಂಕದ ಚಿಂತೆ ಬೇಡ, ಇದು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯೊಳಗೇ ಸೇರುತ್ತದೆ. ಹೆಚ್ಚಿನವರ ಆಕ್ಷೇಪ ಬೇರೆ: ‘ಕೋಟೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟವನ ಜಾಗದಲ್ಲಿ ನಿಂತು ನಮ್ಮ ಮಕ್ಕಳು ಯಾಕೆ ಬರೆಯಬೇಕು?’ ಕೇಳಿದ್ದು ಸರಿಯೇ. ಉತ್ತರ ಹೇಳುವುದು ನಮ್ಮ ಕೆಲಸ.

ಸಂಗತಿ ನಮ್ಮ ನಗರದ, ಅಂದರೆ ಹಿಂದಿನ ಬಿದನೂರಿನ, ಕೋಟೆಯದ್ದು. 1782ರ ಡಿಸೆಂಬರ್‌ನಲ್ಲಿ ಹೈದರ್ ಅಲಿ ತೀರಿಕೊಂಡ. ಬಿದನೂರಿನ ಅಧಿಕಾರಿ ಅಯಾಜ್ ಹೈದರನಿಗೆ ಬೇಕಾದವನು, ಟಿಪ್ಪುವಿಗೆ ಬೇಡವಾದವನು. ತನ್ನನ್ನು ತೆಗೆಯಲು ಹೊಸ ದೊರೆ ಆಜ್ಞೆ ಕಳಿಸಿದ್ದಾನೆಂದು ತಿಳಿದು, 1783ರ ಜನವರಿಯಲ್ಲಿ ಹೊಸಂಗಡಿ ಘಾಟಿ ಹತ್ತಿ ಬಂದ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ಗೆ ಹೋರಾಡದೆ ಕೋಟೆ ಒಪ್ಪಿಸಿದ. ಕರ್ನಾಟಿಕ್ (ಇಂದಿನ ತಮಿಳುನಾಡು) ಕಡೆ ಯುದ್ಧದಲ್ಲಿದ್ದ ಟಿಪ್ಪು ಆ ರಂಗ ಬಿಟ್ಟು ಇತ್ತ ಬರಬೇಕಾಯಿತು, ಅಲ್ಲಿ ಇಂಗ್ಲಿಷರಿಗೆ ಉಸಿರು ಬಂತು. ಬಿದನೂರು ಮರಳಿ ಪಡೆದವನು ಮಂಗಳೂರಿಗೆ ಮುತ್ತಿಗೆ ಹಾಕಿ ಇಡೀ ಮಳೆಗಾಲ ಅಲ್ಲೇ ಕುಳಿತ. 1784ರ ಮಾರ್ಚ್‌ನಲ್ಲಿ ಒಪ್ಪಂದವಾದದ್ದೂ ಮಂಗಳೂರಿನಲ್ಲೇ.

ಮಕ್ಕಳು ಮಾಡಬೇಕಾದ್ದು ಇಷ್ಟು. ಹಾಳೆಯ ನಡುವೆ ಗೆರೆ ಎಳೆಯುವುದು. ಎಡಕ್ಕೆ, ಆ ದಿನ ಆ ವ್ಯಕ್ತಿಗೆ ಗೊತ್ತಿದ್ದದ್ದು. ಬಲಕ್ಕೆ, ನಮಗೆ ಆಮೇಲೆ ಗೊತ್ತಾದದ್ದು. ಕೆಳಗೆ ಅವನ ಮುಂದಿದ್ದ ದಾರಿಗಳು, ಕಡಿಮೆಯೆಂದರೆ ಮೂರು. ಪ್ರತಿಯೊಂದಕ್ಕೂ ಅಕ್ಕಿ, ಮದ್ದುಗುಂಡು, ಸಂಬಳ, ದಾರಿ, ಮಳೆ ಇವುಗಳ ಲೆಕ್ಕ. ಸಾಮಾನ್ಯವಾಗಿ ತಪ್ಪುವುದು ಎಡಬದಿಯಲ್ಲಿ. ಟಿಪ್ಪು ಏಪ್ರಿಲ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಬರುತ್ತಾನೆಂದು ಜನವರಿಯಲ್ಲೇ ಅಯಾಜನಿಗೆ ಗೊತ್ತಿದ್ದಂತೆ ಬರೆದುಬಿಡುತ್ತಾರೆ. ಎರಡನೆಯ ತಪ್ಪು, ‘ಹೇಡಿ’ ಎಂದೋ ‘ವೀರ’ ಎಂದೋ ಒಂದೇ ಪದದಲ್ಲಿ ಮುಗಿಸುವುದು. ಅದು ತೀರ್ಪಾಗುತ್ತದೆ, ಕಾರಣವಾಗುವುದಿಲ್ಲ. ಎಲ್ಲವೂ ಅಯಾಜನೊಬ್ಬನಿಂದಲೇ ಆಯಿತೆಂದು ಬರೆದರೂ ಅಂಕ ಹೋಗುತ್ತದೆ. ಕರಾವಳಿಯನ್ನು ಮೊದಲು ಭದ್ರಪಡಿಸಬೇಕೆಂದಿದ್ದ ಮ್ಯಾಥ್ಯೂಸನನ್ನು ಘಾಟಿ ಹತ್ತಿಸಿದ್ದು ಬೊಂಬಾಯಿ ಸರ್ಕಾರದ ಆದೇಶ. ಇದ್ದ ಸೈನ್ಯವನ್ನು ಊರೂರಿಗೆ ಹಂಚಿ ತೆಳ್ಳಗೆ ಮಾಡಿದವನು ಮ್ಯಾಥ್ಯೂಸನೇ. ಟಿಪ್ಪು ಘಾಟಿಯ ದಾರಿ ಕಟ್ಟಿದ ಮೇಲೆ ಅವನಿಗೆ ಕೆಳಗಿನಿಂದ ಏನೂ ಬರುವಂತಿರಲಿಲ್ಲ, ಇಳಿದು ಹೋಗುವಂತೆಯೂ ಇರಲಿಲ್ಲ. ಮಲೆನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಚಟುವಟಿಕೆಯ ಕೆಳದಿ ಚೆನ್ನಮ್ಮನ ಹಾಳೆಗೆ ಯಾರೂ ತಕರಾರು ಮಾಡಿಲ್ಲ. 1689ರಲ್ಲಿ ಮೊಘಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯ ಕೊಟ್ಟಳು; ಅವನು ಮುಂದೆ ತಮಿಳುನಾಡಿನ ಜಿಂಜಿ ಕೋಟೆ ಸೇರಿದ, ಆ ಕೋಟೆ ಮೊಘಲರ ಕೈಸೇರಿದ್ದು 1698ರಲ್ಲಿ. ಅಷ್ಟು ವರ್ಷ ಔರಂಗಜೇಬನ ಸೈನ್ಯ ದಕ್ಷಿಣದಲ್ಲಿ ಸಿಕ್ಕಿಕೊಂಡಿತು. ಆದರೆ ಬಂದವನನ್ನು ಹಿಂದಕ್ಕೆ ಕಳಿಸುವ ದಾರಿಯೂ ಆಕೆಯ ಮುಂದಿತ್ತು, ಉಳಿಸಿಕೊಂಡರೆ ಇಡೀ ರಾಜ್ಯ ಪಣಕ್ಕೆ ಬೀಳುತ್ತಿತ್ತು. ಅದನ್ನು ತೂಗಿ ನೋಡದೆ ಆಕೆಯ ಧೈರ್ಯ ಎಷ್ಟು ದೊಡ್ಡದೆಂದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಚೆನ್ನಮ್ಮನಿಗೆ ಹಾಕುವ ತಕ್ಕಡಿಯನ್ನೇ ಅಯಾಜನಿಗೂ ಹಾಕುತ್ತಿದ್ದೇವೆ, ಅಷ್ಟೆ.

ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ಅಯಾಜ್ ಮಾಡಿದ್ದು ಸರಿ ಎಂದು ನಾವು ಬರೆಸುತ್ತಿಲ್ಲ. ತಪ್ಪು ಎಂದು ಬರೆಯುವ ಹಕ್ಕು ಪ್ರತಿ ಮಗುವಿಗೂ ಇದೆ, ಅದಕ್ಕಾಗಿ ಹಾಳೆಯ ಕೊನೆಯಲ್ಲಿ ಐದು ಸಾಲಿನ ಜಾಗ ಬಿಟ್ಟಿದ್ದೇವೆ. ಆ ಐದು ಸಾಲು ಕೊನೆಗೆ ಬರಬೇಕು, ಮೊದಲಿಗಲ್ಲ ಎಂಬುದಷ್ಟೇ ನಮ್ಮ ಹಟ. ಯಾವುದಾದರೂ ಮಗುವಿಗೆ ನಿಜಕ್ಕೂ ಕಷ್ಟವಾದರೆ ಅಯಾಜನ ಬದಲು ಮ್ಯಾಥ್ಯೂಸನನ್ನು ತೆಗೆದುಕೊಳ್ಳಲಿ, ನಮ್ಮ ಸಮಾಜ ವಿಜ್ಞಾನದ ಮೇಡಂ ಒಪ್ಪಿದ್ದಾರೆ. ಚಟುವಟಿಕೆಯನ್ನೇ ಬಿಡಲು ಮಾತ್ರ ಆಗುವುದಿಲ್ಲ. ನಿಮ್ಮ ಮಕ್ಕಳ ಮೇಲೆ ನಿಮಗಿರುವ ಕಾಳಜಿ ನಮಗೂ ಇದೆ; ಅದಕ್ಕೇ ಈ ಹಾಳೆಯನ್ನು ಗೈಡ್ ನೋಡಿ ತುಂಬಿಸಲು ಬಿಡುತ್ತಿಲ್ಲ.

ಕೆಳಗಿನ ಚೀಟಿಗೆ ಸಹಿ ಮಾಡಿ ಸೋಮವಾರ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು