ಆ ಹನಿಯ ವಿಷಯ

ಮುನಿರಾಬಾದ್

ಗಿರಿಜಾಗೆ ನಿನ್ನ ಮಾವನ ಆಶೀರ್ವಾದ.

ಮನೆಯ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಒಂದು ಸಾಲು ಮೂರು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಲ್ಯಾಬಿನಲ್ಲಿ ಒಕಡಾಯಿಕ್ ಆಮ್ಲವೆಂಬ ವಿಷದ ಹನಿ ಕೈಗವಸಿನ ಮೇಲೆ ಬಿತ್ತು, ಬಿಚ್ಚಿ ಕೈ ತೊಳೆದೆ, ಯಾರಿಗೂ ಹೇಳಿಲ್ಲ ಎಂದು ಬರೆದಿದ್ದೀ. ಯಾಕೆ ಹೇಳಲಿಲ್ಲವ್ವಾ?

ದೀಪಾವಳಿಗೆ ಬಂದಾಗ ಕರೆಂಟ್ ಬಿಲ್ಲಿನ ಹಿಂದೆ ನೀನು ಬಿಡಿಸಿದ ಚಿತ್ರ ಇನ್ನೂ ಗೂಡಿನಲ್ಲಿದೆ. ಆ ಆಮ್ಲ ಜಪಾನಿನ ಕಡಲ ಸ್ಪಂಜಿನಲ್ಲಿ ಸಿಕ್ಕು 1981ರಲ್ಲಿ ಹೆಸರಿಟ್ಟ ವಿಷ. ತಯಾರಿಸುವುದು ಮಾತ್ರ ಕಣ್ಣಿಗೆ ಕಾಣದ ಪಾಚಿ. ಅದನ್ನು ತಿಂದ ಚಿಪ್ಪುಜೀವಿಯನ್ನು ಎಷ್ಟು ಕುದಿಸಿದರೂ ವಿಷ ಹೋಗದು. ಜೀವಕೋಶದಲ್ಲಿ ಕೈನೇಸ್ ಎಂಬ ಕಿಣ್ವ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಫಾಸ್ಫಟೇಸ್ ಎಂಬ ಕಿಣ್ವ ಅದನ್ನು ಕಿತ್ತು ತೆಗೆಯುತ್ತದೆ. ಈ ವಿಷ ಹೋಗಿ ಕೂರುವುದು ಕೀಳುವ ಫಾಸ್ಫಟೇಸಿನ ಮೇಲೆ. ಪಿಪಿ2ಎ ಎಂಬ ಫಾಸ್ಫಟೇಸ್ ಚೂರೇ ಚೂರು ವಿಷಕ್ಕೆ ನಿಲ್ಲುತ್ತದೆ, ಪಿಪಿ1 ಎಂಬ ಇನ್ನೊಂದಕ್ಕೆ ಅದರ ಹತ್ತಾರು ಪಟ್ಟು ಬೇಕು. ಎಡದಂಡೆ ಕಾಲುವೆಯ ಗೇಟು ತಿರುಗಿಸಿಯೇ ಮುದುಕನಾದ ನನಗೆ, ಎತ್ತಿದ ಗೇಟು ಇಳಿಯದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇಲಿಯ ಚರ್ಮದಲ್ಲಿ ಗಡ್ಡೆ ಬೆಳೆಯಲು ಇದು ನೆರವಾಗುತ್ತದೆ ಅಂದವಳೂ ನೀನೇ. ಈ ವಿಷವನ್ನು ಕರಗಿಸುವ ಡಿಎಂಎಸ್‌ಒ ಎಂಬ ದ್ರವ ಕೈಗವಸನ್ನೂ ಚರ್ಮವನ್ನೂ ದಾಟಬಲ್ಲದು ಅಂದವಳೂ ನೀನೇ. ಅಷ್ಟು ಗೊತ್ತಿದ್ದೂ ಸುಮ್ಮನಿದ್ದೀಯಲ್ಲ.

ನಿನ್ನ ಸಣ್ಣ ಮಾವನ ಸಾವು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಹತ್ತಿಗೆ ಹುಳ ಕೊಲ್ಲುವ ಎಣ್ಣೆ ಹೊಡೆದ ದಿನ ಬಕೆಟ್ಟಿನಲ್ಲಿ ಬರಿಗೈ ಹಾಕಿ ಕಲಸಿದವನು, ಹೊತ್ತು ಮುಳುಗುವಾಗ ಬದುವಿನ ಮೇಲೆ ನನ್ನ ಪಕ್ಕ ಕೂತ. ಬಾಯಲ್ಲಿ ಜೊಲ್ಲು, ಅಂಗಿಯೆಲ್ಲ ಬೆವರು. “ಅಪ್ಪಗ ಹೇಳಬ್ಯಾಡ, ಬೈತಾನ” ಅಂದ. ನಾನು ಹೇಳಲಿಲ್ಲ. ಗಾಡಿ ಕಟ್ಟಿದಾಗ ನಡುರಾತ್ರಿ ದಾಟಿತ್ತು. ಆ ಎಣ್ಣೆಯೂ ಒಂದು ಕಿಣ್ವವನ್ನು ತಡೆಯುವ ವಿಷವೇ ಎಂದು ನೀನು ಹೇಳಿದ ದಿನ ನಾನು ಎದ್ದು ಹೊರಗೆ ಹೋದದ್ದು ಅದಕ್ಕೇ. ನಿಮ್ಮವ್ವನಿಗೂ ಇದನ್ನು ಹೇಳಿಲ್ಲ.

ನಿನ್ನ ಹನಿ ಅಷ್ಟು ದೊಡ್ಡದಲ್ಲದಿರಬಹುದು. ನಿನ್ನ ಲ್ಯಾಬಿನ ರೀತಿ ನನಗೇನು ತಿಳಿಯುತ್ತದೆ. ಆದರೂ ನಿಮ್ಮ ಗೈಡ್‌ಗೆ ಹೇಳು, ಬೈದರೆ ಬೈಯಲಿ. ಆಗುವುದಾದರೆ ಎರಡು ಜೊತೆ ಕೈಗವಸು ಹಾಕಿಕೋ. ರಾತ್ರಿ ಒಬ್ಬಳೇ ಆ ಶೀಶೆ ಮುಟ್ಟಬೇಡ. ಇದೆಲ್ಲ ನಿನಗೆ ಗೊತ್ತಿರುವುದೇ, ಬೇಜಾರಾಗಬೇಡ.

ಯಾವ ಕೈ ಎಂದು ನೀನು ಬರೆದಿಲ್ಲ. ಬಲಗೈಯೋ, ಎಡಗೈಯೋ? ಗೈಡ್‌ಗೆ ಹೇಳಿದ ದಿನವೇ ನನಗೊಂದು ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಮಾವ