ಆಸಿಡ್ ಪಂಪಿಗೆ ತಪ್ಪು ಡಯಾಫ್ರಾಮ್ ಹಾಕಿ, ಡ್ರೈ ರನ್ ಎಂದು ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಇಂದ,
ಮೆಂಟೆನೆನ್ಸ್ ಇನ್‌ಚಾರ್ಜ್,
ಎಲೆಕ್ಟ್ರೋಪ್ಲೇಟಿಂಗ್ ಘಟಕ,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಗೆ,
ಮುಖ್ಯಸ್ಥರು, ಸರ್ವಿಸ್ ವಿಭಾಗ

ವಿಷಯ: ಪಿಕ್ಲಿಂಗ್ (ಲೋಹದ ತುಕ್ಕನ್ನು ಆಸಿಡಿನಲ್ಲಿ ತೆಗೆಯುವ) ವಿಭಾಗದ ಒಂದು ಇಂಚಿನ ಏರ್ ಡಯಾಫ್ರಾಮ್ ಪಂಪ್

ಮಾನ್ಯರೇ,

ನೀವು ಕಳಿಸಿದ ಉತ್ತರ ತಲುಪಿದೆ. ಪಂಪನ್ನು ಡ್ರೈ ರನ್ ಮಾಡಿದ್ದರಿಂದ, ಅಂದರೆ ದ್ರವವಿಲ್ಲದೆ ಖಾಲಿ ಓಡಿಸಿದ್ದರಿಂದ, ಡಯಾಫ್ರಾಮ್ (ಗಾಳಿಯನ್ನೂ ದ್ರವವನ್ನೂ ಬೇರ್ಪಡಿಸುವ, ಬಗ್ಗುವ ಪೊರೆ) ಹರಿದಿದೆ, ಹಾಗಾಗಿ ವಾರಂಟಿ ಸಿಗುವುದಿಲ್ಲ ಎಂದು ಬರೆದಿದ್ದೀರಿ. ಇದನ್ನು ನಾವು ಒಪ್ಪುವುದಿಲ್ಲ. ಡಯಾಫ್ರಾಮ್ ಹರಿದದ್ದು ನಿಮ್ಮ ಮೆಕ್ಯಾನಿಕ್ ಹಾಕಿದ ತಪ್ಪು ರಬ್ಬರಿನಿಂದ. ಅದರಿಂದ ನಮ್ಮ ಹೆಲ್ಪರ್ ಒಬ್ಬರ ಕೈ ಸುಟ್ಟಿದೆ. ಆ ವಿಷಯದ ಬಗ್ಗೆ ನಿಮ್ಮ ಉತ್ತರದಲ್ಲಿ ಒಂದು ಸಾಲೂ ಇಲ್ಲ.

ಈ ಪಂಪ್ ಎಳೆಯುವುದು ಹೈಡ್ರೋಕ್ಲೋರಿಕ್ ಆಸಿಡ್. ಮಾರುಕಟ್ಟೆಯಲ್ಲಿ ಬರುವ 30ರಿಂದ 33 ಶೇಕಡಾದ ಆಸಿಡನ್ನು ಕ್ಯಾನಿನಿಂದ ಪಿಕ್ಲಿಂಗ್ ಟ್ಯಾಂಕಿಗೆ ಹಾಕುತ್ತದೆ. ಅದಕ್ಕೇ ಬಾಡಿ ಪಾಲಿಪ್ರೊಪಿಲೀನ್‌ದು ತಗೊಂಡೆವು. ಸ್ಟೀಲ್ ಬಾಡಿ ಈ ಆಸಿಡಿಗೆ ನಿಲ್ಲುವುದಿಲ್ಲ. ಡಯಾಫ್ರಾಮ್ ಟೆಫ್ಲಾನ್ ಇರಬೇಕು ಎಂದು ಆರ್ಡರಿನಲ್ಲೇ ಬರೆದಿದ್ದೆವು. ವಾರ್ಷಿಕ ಸರ್ವಿಸ್‌ಗೆ ಬಂದ ನಿಮ್ಮ ಮೆಕ್ಯಾನಿಕ್ ಹಳೆಯ ಸೆಟ್ ಬಿಚ್ಚಿ ಹೊಸದು ಹಾಕಿದರು. ಬಿಲ್ಲಿನಲ್ಲಿ 'ಟೆಫ್ಲಾನ್ ಡಯಾಫ್ರಾಮ್ ಸೆಟ್' ಎಂದೇ ಇದೆ, ದುಡ್ಡೂ ಅದಕ್ಕೇ ಕೊಟ್ಟಿದ್ದೇವೆ.

ಪಂಪ್ ಕೆಟ್ಟ ಮೇಲೆ ನಾವೇ ಬಿಚ್ಚಿ ನೋಡಿದೆವು. ಒಳಗೆ ಬಿಳಿ ಟೆಫ್ಲಾನ್ ಹಾಳೆ ಇರಲೇ ಇಲ್ಲ. ಎರಡೂ ಕಡೆ ಬರೀ ಕಪ್ಪು ರಬ್ಬರ್. ನಿಮಗೆ ಹೇಳಿಕೊಡಬೇಕಾಗಿಲ್ಲ, ಈ ಮಾದರಿಯಲ್ಲಿ ಆಸಿಡ್ ತಾಗುವ ಕಡೆ ಟೆಫ್ಲಾನ್ ಇರುತ್ತದೆ, ಅದರ ಬೆನ್ನಿಗೆ ಆಸರೆಯಾಗಿ ರಬ್ಬರ್ ಇರುತ್ತದೆ. ಇಲ್ಲಿ ಆಸರೆಯ ರಬ್ಬರೇ ನೇರವಾಗಿ ಆಸಿಡಿಗೆ ಮುಖ ಕೊಟ್ಟು ಕೂತಿತ್ತು.

ಈಗ ಡ್ರೈ ರನ್ ವಿಷಯಕ್ಕೆ ಬರುತ್ತೇನೆ. ಏರ್ ಡಯಾಫ್ರಾಮ್ ಪಂಪಿನಲ್ಲಿ ಮೆಕ್ಯಾನಿಕಲ್ ಸೀಲ್ ಇಲ್ಲ. ಎರಡು ಡಯಾಫ್ರಾಮ್‌ಗಳು ಒಂದೇ ಶಾಫ್ಟಿಗೆ ಸೇರಿಕೊಂಡಿರುತ್ತವೆ. ಗಾಳಿ ಒಂದರ ಬೆನ್ನನ್ನು ತಳ್ಳಿದಾಗ ಆ ಕಡೆಯ ದ್ರವ ಹೊರಗೆ ಹೋಗುತ್ತದೆ, ಇನ್ನೊಂದು ಒಳಗೆ ಎಳೆದುಕೊಳ್ಳುತ್ತದೆ. ಕ್ಯಾನ್ ಖಾಲಿಯಾದರೆ ಪಂಪ್ ಸ್ವಲ್ಪ ಜೋರಾಗಿ ಟಕಟಕ ಅನ್ನುತ್ತದೆ, ಅಷ್ಟೇ. ಖಾಲಿ ಓಡಿದರೂ ಕೆಡುವುದಿಲ್ಲ, ಡೆಲಿವರಿ ವಾಲ್ವ್ ಮುಚ್ಚಿದರೆ ತಾನೇ ನಿಲ್ಲುತ್ತದೆ ಎಂದು ಹೇಳಿಯೇ ನಿಮ್ಮ ಸೇಲ್ಸ್‌ನವರು ನಮಗೆ ಇದನ್ನು ಮಾರಿದ್ದು. ಫುಲ್ ಪ್ರೆಷರಿನಲ್ಲಿ ಗಂಟೆಗಟ್ಟಲೆ ಖಾಲಿ ಓಡಿಸಿದರೆ ಸವೆತ ಜಾಸ್ತಿ, ಅದು ನಮಗೂ ಗೊತ್ತು. ಆದರೆ ಆ ಸವೆತದ ಗುರುತೇ ಬೇರೆ ಅಲ್ವಾ? ಬಗ್ಗಿ ಬಗ್ಗಿ ದಣಿದ ಡಯಾಫ್ರಾಮ್, ನಡುವಿನ ಪ್ಲೇಟಿನ ಅಂಚಿನ ಸುತ್ತ ಗೆರೆ ಹಿಡಿದು ಬಿರುಕು ಬಿಡುತ್ತದೆ. ನಮ್ಮದು ಹಾಗಿಲ್ಲ. ಆಸಿಡ್ ತಾಗಿದ ಮುಖ ಪೂರ್ತಿ ಉಬ್ಬಿದೆ, ಬೊಕ್ಕೆ ಎದ್ದಿದೆ, ಉಗುರಿನಲ್ಲಿ ಕೆರೆದರೆ ಕಿತ್ತು ಬರುತ್ತದೆ. ಗಾಳಿಯ ಕಡೆಯ ಮುಖ ಇನ್ನೂ ಗಟ್ಟಿಯಾಗಿದೆ. ಇದು ಆಸಿಡ್ ತಿಂದ ರಬ್ಬರ್. ಫೋಟೊಗಳನ್ನು ಮೊದಲೇ ಕಳಿಸಿದ್ದೆವು. ಅವನ್ನು ನೋಡಿದವರು ಡ್ರೈ ರನ್ ಎಂದು ಬರೆಯಲು ಸಾಧ್ಯವೇ ಇಲ್ಲ.

ಅಪಘಾತಕ್ಕೆ ಮುಂಚೆಯೇ ನಿಮಗೆ ಸೂಚನೆ ಕೊಟ್ಟಿದ್ದೆವು. ಡೆಲಿವರಿ ಪೈಪಿನಿಂದ ಟ್ಯಾಂಕಿಗೆ ಗುಳ್ಳೆ ಬರುತ್ತಿದೆ ಎಂದು ಫೋನ್ ಮಾಡಿದೆವು. ಸಕ್ಷನ್ ಲೈನ್ ಗಾಳಿ ಎಳೆಯುತ್ತಿರಬಹುದು, ಜಾಯಿಂಟ್ ಬಿಗಿ ಮಾಡಿ ಅಂದಿರಿ. ಮಾಡಿದೆವು. ಸಕ್ಷನ್ ಹೋಸನ್ನೇ ಹೊಸದು ಹಾಕಿದೆವು. ಬಾಲ್‌ಗಳನ್ನೂ ಸೀಟ್‌ಗಳನ್ನೂ ಬಿಚ್ಚಿ ತೊಳೆದೆವು. ಗುಳ್ಳೆ ನಿಲ್ಲಲಿಲ್ಲ. ಸಕ್ಷನ್ ಸರಿಯಿದ್ದೂ ಗುಳ್ಳೆ ಬಂದರೆ ಡಯಾಫ್ರಾಮ್ ತೂತಾಗಿ ಗಾಳಿ ದ್ರವದ ಕಡೆಗೆ ನುಗ್ಗುತ್ತಿದೆ ಎಂದೇ ಮೊದಲು ಅನುಮಾನ ಪಡಬೇಕು. ಮತ್ತೆ ಫೋನ್ ಮಾಡಿ ಇದನ್ನೇ ಹೇಳಿದಾಗ, ಪಂಪ್ ನಿಲ್ಲಿಸಿ ಅನ್ನುವ ಬದಲು ರೆಗ್ಯುಲೇಟರ್ ಪ್ರೆಷರ್ ಏರಿಸಿ ನೋಡಿ ಅಂದಿರಿ. ಈ ಸಲಹೆ ಕೊಟ್ಟವರು ಯಾರು ಎಂದು ನಮಗೆ ತಿಳಿಯಬೇಕು. ತೂತಾದ ಡಯಾಫ್ರಾಮಿನ ಹಿಂದೆ ಪ್ರೆಷರ್ ಏರಿಸಿದರೆ ತೂತು ದೊಡ್ಡದಾಗುತ್ತದೆ, ಬೇರೇನೂ ಆಗುವುದಿಲ್ಲ.

ಮಾರನೆಯ ಶಿಫ್ಟಿನಲ್ಲಿ ರಬ್ಬರ್ ಪೂರ್ತಿ ಹರಿಯಿತು. ಆಸಿಡ್ ಗಾಳಿಯ ಕೋಣೆಗೆ ನುಗ್ಗಿ, ಏರ್ ವಾಲ್ವ್ ದಾಟಿ, ಗಾಳಿ ಹೊರಹೋಗುವ ಬಾಯಿಗೆ ಹಾಕಿದ, ಸದ್ದು ತಗ್ಗಿಸುವ ಮಫ್ಲರಿನಿಂದ ಗಾಳಿಯ ಜೊತೆ ಸಿಡಿಯಿತು. ಪಕ್ಕದಲ್ಲಿ ಕ್ಯಾನ್ ಬದಲಿಸುತ್ತಿದ್ದ ಹೆಲ್ಪರ್‌ಗೆ ಗ್ಲೌಸ್ ಮೇಲಿನ ಭಾಗ, ಮೊಣಕೈವರೆಗೆ ಬಿತ್ತು. ಮುಖಕ್ಕೆ ಶೀಲ್ಡ್ ಇತ್ತು, ಕಣ್ಣು ಉಳಿಯಿತು. ತಕ್ಷಣ ಶವರ್ ಕೆಳಗೆ ನಿಲ್ಲಿಸಿ ನೀರು ಬಿಟ್ಟು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ಇನ್ನೂ ಕೆಲಸಕ್ಕೆ ಬಂದಿಲ್ಲ.

ಇನ್‌ಸ್ಟಾಲೇಷನ್ ದಿನವೇ ನಾನು ಕೇಳಿದ್ದೆ, ಮಫ್ಲರ್ ತೆಗೆದು ಎಕ್ಸಾಸ್ಟಿಗೆ ಪೈಪ್ ಹಾಕಿ ಹೊರಗಿನ ಪಿಟ್‌ವರೆಗೆ ಒಯ್ಯೋಣವೇ ಎಂದು. ಅಪಾಯದ ದ್ರವ ಇದ್ದರೆ ಹಾಗೆ ಮಾಡಬೇಕು ಎಂದು ಪಂಪಿನ ಜೊತೆ ನೀವೇ ಕೊಟ್ಟ ಪುಸ್ತಕದಲ್ಲಿದೆ. ಡಯಾಫ್ರಾಮ್ ಹರಿದ ದಿನ ದ್ರವ ಹೊರಬರುವ ದಾರಿ ಅದೇ. ನಿಮ್ಮವರು ಟೆಫ್ಲಾನ್ ಇದೆಯಲ್ಲ, ಸುಮ್ನೆ ಖರ್ಚು ಯಾಕೆ ಅಂದರು. ಆಮೇಲೆ ಆ ಟೆಫ್ಲಾನನ್ನೂ ತೆಗೆದರು.

ಇನ್ನೊಂದು ವಿಷಯ. ಈ ಮಾದರಿಯ ಏರ್ ವಾಲ್ವಿಗೆ ಎಣ್ಣೆ ಬೇಡ ಎಂದು ಪಂಪಿನ ಪ್ಲೇಟಿನ ಮೇಲೇ ಇದೆ. ಆದರೂ ಅದೇ ಸರ್ವಿಸಿನಲ್ಲಿ ಗಾಳಿಯ ಲೈನಿನ ಲ್ಯೂಬ್ರಿಕೇಟರಿಗೆ ಎಣ್ಣೆ ತುಂಬಿ ಹೋಗಿದ್ದಾರೆ. ಪಂಪ್ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಬೇಕು ಎಂಬುದನ್ನೂ ಹೇಳಲಿಲ್ಲ. ಪಾಲಿಪ್ರೊಪಿಲೀನ್ ಬಾಡಿಯಲ್ಲಿ ಬೋಲ್ಟ್ ಸಡಿಲವಾಗುವುದು ಮಾಮೂಲು. ನಮ್ಮ ಹುಡುಗರು ತಿಳಿದವರು, ಮಾಡಿಕೊಂಡರು. ನಿಮ್ಮ ಮೆಕ್ಯಾನಿಕ್‌ಗಳಿಗೆ ಮಾದರಿವಾರು ತರಬೇತಿ ಕೊಟ್ಟಿಲ್ಲ ಎಂಬುದು ಕೆಲಸದಲ್ಲೇ ಕಾಣುತ್ತದೆ.

ವಾರಂಟಿ ನಿರಾಕರಣೆಯನ್ನು ಹಿಂತೆಗೆದುಕೊಳ್ಳಿ. ಟೆಫ್ಲಾನ್ ಸೆಟ್ ಜೊತೆಗೆ, ಆಸಿಡ್ ಹೊಕ್ಕು ಹಾಳಾದ ಏರ್ ವಾಲ್ವ್, ಪೈಲಟ್ ಭಾಗ ಮತ್ತು ಓ ರಿಂಗ್‌ಗಳನ್ನು ನಿಮ್ಮ ಖರ್ಚಿನಲ್ಲಿ ಬದಲಿಸಿ. ಹೊಸ ಡಯಾಫ್ರಾಮ್ ಯಾವ ವಸ್ತುವಿನದು ಎಂದು ಪಾರ್ಟ್ ನಂಬರ್ ಸಮೇತ ಬರೆದುಕೊಡಿ. ಜೋಡಿಸುವ ಮುಂಚೆ ನಮಗೆ ತೋರಿಸಿ. ಎಕ್ಸಾಸ್ಟ್ ಪೈಪ್ ಹಾಕಿಕೊಡಿ. ಹೆಲ್ಪರ್‌ನ ಆಸ್ಪತ್ರೆ ಖರ್ಚು ಮತ್ತು ರಜೆಯ ಸಂಬಳ ನೀವು ಭರಿಸಬೇಕು, ಬಿಲ್ಲುಗಳನ್ನು ಇದರ ಜೊತೆ ಇಟ್ಟಿದ್ದೇವೆ. ಅದೇ ಮೆಕ್ಯಾನಿಕ್ ಈಚೆಗೆ ಬೇರೆ ಘಟಕಗಳ ಆಸಿಡ್ ಪಂಪ್‌ಗಳಿಗೂ ಸೆಟ್ ಹಾಕಿದ್ದರೆ, ಇವತ್ತೇ ಅವರಿಗೆಲ್ಲ ಫೋನ್ ಮಾಡಿ ಪಂಪ್ ನಿಲ್ಲಿಸಿ ಪರೀಕ್ಷೆ ಮಾಡಲು ಹೇಳಿ. ಇದೊಂದು ಕೆಲಸಕ್ಕೆ ನಮ್ಮ ಲೆಕ್ಕಾಚಾರ ತೀರುವವರೆಗೆ ಕಾಯಬೇಡಿ.

ಹರಿದ ಎರಡೂ ಡಯಾಫ್ರಾಮ್‌ಗಳನ್ನು ತೊಳೆದು, ಕವರಿನಲ್ಲಿ ಸೀಲ್ ಮಾಡಿ ನಮ್ಮಲ್ಲೇ ಇಟ್ಟಿದ್ದೇವೆ. ನಿಮ್ಮ ಎಂಜಿನಿಯರ್ ಇಲ್ಲಿಗೇ ಬಂದು ನೋಡಬಹುದು. ಲಿಖಿತ ಉತ್ತರ ಬರುವವರೆಗೆ ಅವುಗಳನ್ನು ಹೊರಗೆ ಕಳಿಸುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮೆಂಟೆನೆನ್ಸ್ ಇನ್‌ಚಾರ್ಜ್

ಲಗತ್ತು: ಆರ್ಡರ್ ಮತ್ತು ಸರ್ವಿಸ್ ಬಿಲ್ಲಿನ ಪ್ರತಿ, ಡಯಾಫ್ರಾಮ್‌ಗಳ ಫೋಟೊ, ಆಸ್ಪತ್ರೆ ಬಿಲ್ಲುಗಳು